ನಮ್ಮೋರ ಹೆಸರಿನವನು

ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಅಂದು ಗಾಂಜಾ ಕೇಸು. ಕಟಕಟೆಯಲ್ಲಿ ನಿಂತವನು ಬಾಗೂರಿನ ಕೆಂಪಣ್ಣ. ಅವನ ಮನೆಯ ಅಟ್ಟದಲ್ಲಿ ಒಂದು ಮೂಟೆ ಭಂಗಿಸೊಪ್ಪು ಸಿಕ್ಕಿತ್ತು. ಅದನ್ನು ಅಲ್ಲಿಟ್ಟವನ ಹೆಸರೂ ಕೆಂಪಣ್ಣನೇ, ಆದರೆ ಆಸಾಮಿ ಬೇರೆ. ಹಳ್ಳದ ಬದಿಯಲ್ಲಿ ಗಾಂಜಾ ಬೆಳೆದು, ಸಿಕ್ಕಿಬೀಳುವ ಹೊತ್ತಿಗೆ ಪೊಲೀಸರ ಬಾತ್ಮಿದಾರನಾಗಿಬಿಟ್ಟ ಪಕ್ಕದ ಬೀದಿಯವನು. ಅವನು ಮೂಟೆ ಇಟ್ಟದ್ದನ್ನು ಕಂಡವಳು ಒಬ್ಬಳೇ, ಆರೋಪಿಯ ಹೆಂಡತಿ ಮುದ್ದಮ್ಮ. ವಕೀಲರನ್ನಿಡುವ ಗತಿ ಇರಲಿಲ್ಲ. ಗಂಡ ಮನೆಗೆ ಬರುವುದೋ ಜೈಲಿಗೆ ಹೋಗುವುದೋ ಅವಳ ಬಾಯಿಮಾತಿನ ಮೇಲೆ ನಿಂತಿತ್ತು.

ಪೊಲೀಸರ ಪರ ವಾದಿಸುವ ಇನ್ಸ್‌ಪೆಕ್ಟರ್ ಪಾಲಾಕ್ಷಯ್ಯನಿಗೆ ನಿಜ ಗೊತ್ತಿತ್ತು. ಠಾಣೆಯವರೇ ನಗುತ್ತ ಹೇಳಿದ್ದರು. ಮನುಷ್ಯ ಮಾತ್ರ ಬಲು ನಯ.

"ಮೂಟೆ ಇಟ್ಟವರು ಯಾರು ತಾಯಿ?"

"ನಮ್ಮೋರ್ ಎಸರಿನೋನು ಸಾ."

ಗಂಡನ ಹೆಸರು ಬಾಯಲ್ಲಿ ಬರಬಾರದಲ್ಲ, ಹಾಗಾಗಿ ಮದುವೆಯಾದಾಗಿನಿಂದ ಆ ಪಕ್ಕದ ಬೀದಿಯವನನ್ನೂ ಅವಳು ಹೀಗೇ ಕರೆಯುತ್ತಿದ್ದಳು. ಪಾಲಾಕ್ಷಯ್ಯನ ಹೆಂಡತಿಯೂ ಒಂದು ದಿನವೂ ಅವನ ಹೆಸರೆತ್ತಿದವಳಲ್ಲ. ಅವನಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

"ಒಗಟು ಬೇಡ ತಾಯಿ. ಹೆಸರು ಹೇಳಿಬಿಡು, ಕೇಸು ಇವತ್ತೇ ಮುಗಿಯುತ್ತೆ."

ಮುದ್ದಮ್ಮ ಬೆವತುಹೋದಳು. ಕಟಕಟೆಯಿಂದ ಗಂಡ, "ಏಳ್ಬುಡು ಕಣೆ, ಪರ್ವಾಗಿಲ್ಲ" ಎಂದ. ಅವಳು ತಾಳಿಯನ್ನು ಕಣ್ಣಿಗೊತ್ತಿಕೊಂಡು, ನೆಲ ನೋಡುತ್ತ ಹೇಳಿದಳು.

"ಕೆಂಪಣ್ಣ."

"ಬರೆದುಕೊಳ್ಳಬೇಕು ಸ್ವಾಮಿ. ಆರೋಪಿಯ ಹೆಂಡತಿಯೇ ಹೇಳಿದ್ದಾಳೆ. ನನ್ನದು ಮುಗಿಯಿತು."

"ಅಯ್ಯೋ, ಇವ್ರಲ್ಲ ಸಾ! ಆ ಇನ್ನೊಬ್ಬ, ಅವ್ನು..."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ" ಎಂದ ಮ್ಯಾಜಿಸ್ಟ್ರೇಟರು ಗಡಿಯಾರ ನೋಡುತ್ತಿದ್ದರು. ಊಟದ ಹೊತ್ತು ಮೀರುತ್ತಿತ್ತು. ಒಂದು ವರ್ಷ ಸಜೆ ಬರೆದು ಎದ್ದರು.

ಬೇಡಿ ಹಾಕಿದ ಕೆಂಪಣ್ಣನನ್ನು ಹಾಸನದ ಬಸ್ಸಿನತ್ತ ನಡೆಸಿಕೊಂಡು ಹೊರಟರು. ಮುದ್ದಮ್ಮ "ಇಲ್ನೋಡಿ, ಇಲ್ನೋಡಿ" ಎನ್ನುತ್ತ ಹಿಂದೆ ಓಡಿದಳು. ಸಂತೆಯ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಇನ್ನು ಮುಚ್ಚಿಡಲು ಏನುಳಿದಿತ್ತು? ನಡುಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು.

"ಕೆಂಪಣ್ಣಾ!"

ಗಂಡ ತಿರುಗಲಿಲ್ಲ. ಆ ದನಿಯಲ್ಲಿ ಆ ಹೆಸರು ಕೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಕೋರ್ಟಿನ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಆ ಇನ್ನೊಬ್ಬ ತಿರುಗಿದ.

"ಏನವ್ವಾ, ಕರುದ್ಯಾ?" ಎಂದ.