ನೀಲಕಂಠಪ್ಪನವರ ಖಾಲಿ ಮಂಚ

ಹುಬ್ಬಳ್ಳಿಯ ಆ ಧರ್ಮಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಂಚ ಹತ್ತು, ರೋಗಿಗಳು ಹದಿನೇಳು. ಮೂವತ್ತೆಂಟನೆಯ ಇಸವಿಯ ಆಷಾಢ. ಹಂಚು ಸೋರಿ ನೆಲದ ಚಾಪೆಗಳೆಲ್ಲ ಒದ್ದೆ. ಆದರೂ ಕಿಟಕಿಯ ಬದಿಯ ಮಂಚ ಮಾತ್ರ ಖಾಲಿ! ಹತ್ತಿ ಸಾವಕಾರ ನೀಲಕಂಠಪ್ಪನವರು ತಮ್ಮ ತಾಯಿಯ ಹೆಸರಿನಲ್ಲಿ ಕೊಟ್ಟದ್ದು. ಅವರ ಕಡೆಯವರು ಯಾರಾದರೂ ಬಂದರೆ ಬೇಕೆಂದು ವರ್ಷವಿಡೀ ಬಿಳಿ ಹಾಸಿಗೆ ಹಾಸಿಕೊಂಡು ಬಿದ್ದಿರುತ್ತಿತ್ತು. ತಾನೂ ತಿನ್ನ, ಪರರಿಗೂ ಕೊಡ ಅನ್ನುತ್ತಾರಲ್ಲ, ಅಂಥ ದಾನ.

ಮುರಿಗೆವ್ವ ಹೆಡ್ ನರ್ಸ್ ಆಗಿ ಹದಿನೈದು ದಿನವಾಗಿತ್ತು. ಶಿರಗುಪ್ಪಿಯ ವಿಧವೆ. "ಕಂಡವರ ಹೊಲಸ ಬಳ್ಯಾಕ ಹೋಗ್ಯಾಳ" ಎಂದು ಊರವರು ಆಡಿಕೊಂಡಿದ್ದರು. ಒಂಬತ್ತು ವರ್ಷ ತುಟಿ ಪಿಟಕ್ಕೆನ್ನದೆ ದುಡಿದು ಈ ಜಾಗಕ್ಕೆ ಬಂದಿದ್ದಳು. ಅದು ಕೈತಪ್ಪೀತೆಂಬ ಭಯ ಎದೆಯಲ್ಲಿ ಕೂತೇ ಇತ್ತು. ಅದಕ್ಕೇ ಮೊದಲ ವಾರ, ಎದೆ ಕಟ್ಟಿ ನೆಲದ ಮೇಲೆ ನಡುಗುತ್ತಿದ್ದ ರೆಹಮತ್‌ಬಿಯನ್ನು ಆ ಮಂಚಕ್ಕೆ ಹಾಕೋಣವೇ ಎಂದು ಜೊತೆಯ ನರ್ಸ್ ಕಾಶೀಬಾಯಿ ಕೇಳಿದಾಗ, "ಬ್ಯಾಡವ್ವಾ, ಡಾಕ್ಟರು ಬೈತಾರ" ಅಂದುಬಿಟ್ಟಿದ್ದಳು.

ಮೂರನೆಯ ದಿನ ರೆಹಮತ್‌ಬಿ ಸತ್ತಳು. ಎತ್ತುವಾಗ ಕೈಗೆ ಸಿಕ್ಕ ಬೆನ್ನು, ಅಯ್ಯೋ ಶಿವನೇ, ನೀರಿನಲ್ಲಿ ನೆನೆದಿತ್ತು. ಅಂದಿನಿಂದ ಮುರಿಗೆವ್ವನಿಗೆ ಅನ್ನ ಸೇರಲಿಲ್ಲ.

ಈಗ ಅದೇ ಚಾಪೆಗೆ ಬಿಬಿಜಾನ ಬಂದಳು. ಅದೇ ಜ್ವರ, ಅದೇ ಕೆಮ್ಮು.

"ಎಲ್ಲಿ ಕೆಲಸ ಮಾಡ್ತೀಯವಾ?"

"ನೀಲಕಂಠಪ್ಪ ಸಾವಕಾರ್ರ ಜಿನ್ನಿನ ಗಿರಣ್ಯಾಗರಿ. ಹತ್ತಿ ಧೂಳಾಗ ಹನ್ನೆರಡ ವರ್ಷ ಆತ್ರಿ."

ಮುರಿಗೆವ್ವ ಒದ್ದೆ ಚಾಪೆಯಿಂದ ಬಿಳಿ ಹಾಸಿಗೆಯತ್ತ ತಿರುಗಿದಳು.

"ಕಾಶೀ, ಕಾಲ ಹಿಡಿ. ಕಿಟಕಿ ಮಂಚಕ್ಕ ಎತ್ತೂಣು."

"ಅಕ್ಕಾ, ನಿಮ್ಮ ಜಾಗಾ ಹೋಗ್ತೈತ್ರಿ!"

"ಹೋಗ್ಲಿ. ಒಬ್ಬಾಕಿ ಜೀವ ತಿಂದ ಕುಂತೀನಿ. ಇನ್ನೊಂದು ನುಂಗಾಕ ಆಗೂದಿಲ್ಲ."

ಮರುದಿನ ಬೆಳಿಗ್ಗೆಯೇ ನೀಲಕಂಠಪ್ಪನವರು ಬಂದರು. ಮುಂಬಯಿಯ ಬೀಗರಿಗೆ ತಮ್ಮ ದಾನ ತೋರಿಸಬೇಕಿತ್ತು. ಪಕ್ಕದಲ್ಲಿ ಡಾಕ್ಟರು ಕೈಕಟ್ಟಿ ನಡೆಯುತ್ತಿದ್ದರು.

"ಏನ್ರೀ ಡಾಕ್ಟರ! ನಮ್ಮ ಅವ್ವನ ಮಂಚದ ಮ್ಯಾಲ ಯಾರನ್ನ ತಂದ ಒಗದೀರಿ?"

ಡಾಕ್ಟರು ನರ್ಸುಗಳತ್ತ ತಿರುಗಿದರು. ಮುರಿಗೆವ್ವ ಮುಂದೆ ಬಂದಳು.

"ನಿಮ್ಮ ಕಡಿಯವರಿಗಂತ ಇಟ್ಟಿದ್ರಲ್ರಿ ಸಾವಕಾರ್ರ. ಹನ್ನೆರಡ ವರ್ಷ ನಿಮ್ಮ ಜಿನ್ನಿನಾಗ ಎದಿ ಸುಟಗೊಂಡಾಕಿ. ಈಕಿಗಿಂತ ನಿಮ್ಮ ಕಡಿಯಾಕಿ ಯಾರದಾರ್ರಿ?"

ಬೀಗರು ಕಿಟಕಿಯ ಆಚೆ ನೋಡಿದರು. ಸಾವಕಾರರ ಮುಖ ಕೆಂಡವಾಯಿತು. ಅದನ್ನು ಕಂಡದ್ದೇ ತಡ, ಡಾಕ್ಟರಿಗೆ ಮಾತು ಬಂತು.

"ಮುರಿಗೆವ್ವಾ, ಇವತ್ತಿನಿಂದ ನೀ ಹೆಡ್ ನರ್ಸ್ ಅಲ್ಲ. ಕಾಶೀಬಾಯಿ, ಇನ್ನ ಮ್ಯಾಲ ನೀ ಹೆಡ್ಡು. ಮೊದಲ ಆಕಿನ್ನ ಕೆಳಗ ಇಳಸು."

ಕಾಶೀಬಾಯಿ ಬಂದಳು. ಮಂಚದ ತಲೆದೆಸೆಗೆ ನಿಂತಳು.

"ಜ್ವರ ನೂರಾಮೂರ ಐತ್ರಿ. ನಾ ಇಳಸೂದಿಲ್ರಿ."

ಮೂಲೆಯಲ್ಲಿ ಕಸ ಹೊಡೆಯುತ್ತಿದ್ದ ಆಯಾ ಕಾಳವ್ವ ಕಸಬರಿಗೆ ಬಿಟ್ಟು ಎದ್ದಳು. "ನಾನೂ ಮುಟ್ಟೂದಿಲ್ರಿ." ನೆಲದ ಮೇಲಿದ್ದವರು ಒಬ್ಬೊಬ್ಬರೇ ಎದ್ದು ಕೂತರು.

"ಹಂಗಾರ ಇಲ್ಲಿ ನಡಿಯೂದು ಯಾರ ಮಾತು?" ಸಾವಕಾರರು ಗುಡುಗಿದರು.

ಮುರಿಗೆವ್ವ ಬಿಬಿಜಾನಳ ಹಣೆಯ ಅರಿವೆ ತೆಗೆದು ಹಿಂಡಿದಳು.

"ಕಾಶೀ, ಹತ್ತು ಹೊಡೀತು. ಔಷಧ ತಗೊಂಡ ಬಾ."

"ಹೂಂನ್ರಿ ಅಕ್ಕಾ," ಎಂದು ಹೊಸ ಹೆಡ್ ನರ್ಸ್ ಓಡಿದಳು.