ಎರಡು ಗೋಡೆಗಳ ನಡುವಿನ ಮಡು

೧

ಈ ಕಥೆಯನ್ನು ನೀರಿನಿಂದ ಆರಂಭಿಸಬೇಕೆಂದಿದ್ದೆ. ಉತ್ತರ ಧ್ರುವದಂಚಿನ ಆ ತೊರೆಯಲ್ಲಿ ನೀರೇ ಇರಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಅದು ಸರೋವರದಿಂದ ಕಡಲಿಗೆ ಭೋರ್ಗರೆಯುತ್ತ ಇಳಿದಿತ್ತು. ಆ ಹಾಳೆಯನ್ನು ಒಲೆಗೆ ಹಾಕಿದೆ. ಓದುಗರೇ, ಆಗಸ್ಟಿನ ಆ ಬೆಳಿಗ್ಗೆ ಅಲ್ಲಿದ್ದುದು ಬರಿಯ ಕಲ್ಲು, ಕಲ್ಲಿಗೆ ಹತ್ತಿದ ಹಸಿರು ಲೋಳೆ, ನಡುವೆ ಮೊಣಕಾಲಾಳದ ಒಂದು ಮಡು. ಆದುದರಿಂದ ಉವಿಲುಕಳಿಂದಲೇ ಆರಂಭಿಸುತ್ತೇನೆ. ಎಪ್ಪತ್ತೊಂದರ ಆ ಮುದುಕಿ ಮೀನಿನ ಈಟಿಯನ್ನು ನೆಲಕ್ಕೂರಿ ಮಡುವನ್ನೇ ನೋಡುತ್ತಿದ್ದಳು.

೨

(ವಿವರಣೆ ಕಥೆಗೆ ಶತ್ರುವೆಂದು ಬಲ್ಲೆ. ಆದರೂ ನಾಲ್ಕು ಮಾತು.) ಬೇಸಿಗೆಯಲ್ಲಿ ಕಡಲಿಗಿಳಿದು ಮೇದ ಮೀನು ಆಗಸ್ಟಿನಲ್ಲಿ ತೊರೆ ಹತ್ತಿ ಸರೋವರಕ್ಕೆ ಮರಳಬೇಕು, ಚಳಿಗಾಲದಲ್ಲಿ ತೊರೆ ತಳದವರೆಗೂ ಹೆಪ್ಪುಗಟ್ಟುತ್ತದೆ. ಉವಿಲುಕಳ ತಂದೆ ನಾತಾಕ್ ತೊರೆಗೆ ಅಡ್ಡಲಾಗಿ ಎರಡು ಕಲ್ಲುಗೋಡೆ ಕಟ್ಟಿದ್ದ. ಕೆಳಗೋಡೆಯ ಕಂಡಿಯಿಂದ ಮೀನು ನುಗ್ಗಿದೊಡನೆ ಕಂಡಿ ಮುಚ್ಚಬೇಕು. ಬೇಕಾದಷ್ಟು ಹಿಡಿದು, ಮೇಲ್ಗೋಡೆ ತೆರೆದು ಉಳಿದವನ್ನು ಸರೋವರಕ್ಕೆ ಬಿಡಬೇಕು. ಈ ವರ್ಷವೂ ಮೀನಿನ ಬರವಿಗೆ ಗುರುತಾದ ಜೊಂಡಿನ ಬಿಳಿಯ ಹತ್ತಿ ಗಾಳಿಗೆ ಹಾರಿತು, ಮೀನು ಬಂತು, ಉವಿಲುಕ್ ಕಂಡಿ ಮುಚ್ಚಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಆದರೆ ಅಪ್ಪ ಕಲಿಸಿದ ಆ ಪಾಠ ನೆಲದಡಿಯಲ್ಲಿ ಮಂಜುಗಡ್ಡೆಯಿದ್ದ ಕಾಲದ್ದು. ಗಡ್ಡೆ ಕರಗಿದ ಮೇಲೆ ನೀರು ಎರಡೇ ದಿನದಲ್ಲಿ ಕಲ್ಲುಗಳ ಸಂದಿಗೆ ಇಂಗಿಹೋಯಿತು. ಮೀನು ಒಣಹಾಕುವ ಹಗ್ಗಗಳು ಆಗಲೇ ತುಂಬಿದ್ದವು. ಉಳಿದ ಮುನ್ನೂರು ಮೀನು ಮಡುವಿನಲ್ಲಿ ಬಾಯಿ ತೆರೆಯುತ್ತಿದ್ದವು. ಅವು ಸತ್ತರೆ ಸರೋವರಕ್ಕೆ ಪೀಳಿಗೆಯೇ ಇಲ್ಲ.

೪

(ಮೂರನೆಯದರಲ್ಲಿ ಉವಿಲುಕ್ ಅಳುತ್ತಿದ್ದಳು. ಅವಳು ಅಳುವವಳಲ್ಲ, ಸಂಖ್ಯೆಯ ಸಮೇತ ಕಿತ್ತುಹಾಕಿದೆ.)

ಮೊಮ್ಮಗಳು ನೀರಿಗೆ ಥರ್ಮಾಮೀಟರ್ ಇಳಿಬಿಟ್ಟಿದ್ದಳು. ಮುತ್ತಜ್ಜ ತೀರಿದ ತಿಂಗಳಲ್ಲೇ ಹುಟ್ಟಿದ್ದರಿಂದ ಅವಳಿಗೂ ನಾತಾಕ್ ಎಂದೇ ಹೆಸರು. ಅವರ ಜನರಲ್ಲಿ ಹೆಸರಿನೊಡನೆ ನಂಟೂ ಬರುತ್ತದೆ: ಇಪ್ಪತ್ತೆರಡರ ಹುಡುಗಿ ಅಜ್ಜಿಗೆ ಅಪ್ಪ, ಅಜ್ಜಿ ಅವಳಿಗೆ ಮಗಳು.

"ಏನಪ್ಪಾ, ಹೊಳೆಗೆ ಜ್ವರಾನಾ?"

"ಹೌದು ಮಗಳೇ. ಹದಿನೇಳು ಡಿಗ್ರಿ. ತಣ್ಣೀರಿನ ಮೀನಿಗೆ ಇದು ಬಿಸಿನೀರೇ. ಸಾಯಂಕಾಲದ ತನಕ ತಡೆಯಲ್ಲ ಇವು."

"ಮೇಲಿನ ಗೋಡೆ ಕಂಡಿ ತೆಗೆದು ನೋಡಿದೆನಲ್ಲ. ಆಚೆ ಒದ್ದೆ ಕಲ್ಲು ಬಿಟ್ರೆ ಏನಿದೆ?"

"ಎರಡೂ ಗೋಡೆ ಪೂರ್ತಿ ಕೀಳೋಣ. ಅದೇ ಕಲ್ಲು ಎರಡೂ ಕಡೆ ಜೋಡಿಸಿ ಸಣ್ಣ ಕಾಲುವೆ ಮಾಡಿದ್ರೆ, ಇರೋ ನೀರು ಒಂದೆಡೆ ಸೇರುತ್ತೆ."

"ಮುಂದಿನ ವರ್ಷ ಮತ್ತೆ ಕಟ್ಟೋಣ ಅಂತೀಯಾ?"

"ಇಲ್ಲ. ಇನ್ನು ಕಟ್ಟೋದೇ ಬೇಡ."

"ಇದು ಅಪ್ಪ ಕಟ್ಟಿದ್ದು ಕಣೇ."

ಮೊಮ್ಮಗಳನ್ನು 'ಅಪ್ಪಾ' ಎನ್ನದೆ 'ಕಣೇ' ಎಂದಳು. ಹುಡುಗಿ ಅದನ್ನು ಗಮನಿಸಿದಳು. ಥರ್ಮಾಮೀಟರನ್ನು ಒರೆಸಿ ಜೇಬಿಗೆ ಹಾಕಿ, ಅದುವರೆಗೆ ತಮಾಷೆಗಷ್ಟೇ ಬಳಸಿದ್ದ ಅಪ್ಪನ ದನಿಯನ್ನು ತಮಾಷೆಯಿಲ್ಲದೆ ಎತ್ತಿದಳು:

"ಕಟ್ಟಿದವನೇ ಹೇಳ್ತಿದ್ದೀನಿ, ಮಗಳೇ. ಕೀಳು."

ಉವಿಲುಕ್ ಈಟಿಯನ್ನು ದಡದಲ್ಲಿ ಮಲಗಿಸಿಟ್ಟಳು. ಆಮೇಲೆ ಬಾಗಿ ಮೊದಲ ಕಲ್ಲನ್ನೆತ್ತಿದಳು.

೫

ಕೊನೆ, ಮೊದಲ ಬಗೆ: ಮಳೆ ಬರುತ್ತದೆ. ಬರಿಸುವುದು ನನ್ನ ಲೇಖನಿಗೆ ಸುಲಭ. ಅಷ್ಟು ಸುಲಭವಾದುದನ್ನು ನೀವು ನಂಬಬಾರದು.

ಎರಡನೆಯ ಬಗೆ: ಎಲ್ಲವೂ ಸಾಯುತ್ತವೆ. ಇದನ್ನು ಬರೆಯತೊಡಗಿದಾಗ ಉವಿಲುಕ್ ನನ್ನತ್ತ ತಿರುಗಿದಳು.

"ನೀನು ಕೂತ್ಕೊಂಡು ಸಾಯಿಸ್ತಾ ಇರು. ಬಕೆಟ್ ಹಿಡಿ ಅಂದ್ರೆ ಮಾತ್ರ ಸೊಂಟ ನೋವು ನಿನಗೆ."

"ಕಥೆಗಾರ ಕಥೆಯೊಳಗೆ ಕೈಯಿಡಬಾರದು, ತಾಯಿ."

"ಹಾಗಾದ್ರೆ ಬಾಯೂ ಇಡಬೇಡ."

ಬಾಯಿ ಮುಚ್ಚಿ, ನಡೆದುದನ್ನಷ್ಟೇ ಬರೆದೆ. ಸರೋವರ ಇನ್ನೂ ಇನ್ನೂರು ಹೆಜ್ಜೆ ದೂರವಿರುವಾಗಲೇ ಗೋಡೆಯ ಕಲ್ಲು ಮುಗಿದವು. ಕಾಲುವೆಯ ತುದಿಗೆ ಬಂದ ಮೀನನ್ನು ಇಬ್ಬರೂ ಬಕೆಟ್ಟಿನಲ್ಲಿ ಹೊತ್ತರು. ಕೆಲವು ಬಕೆಟ್ಟಿನಲ್ಲೇ ಮಗುಚಿದವು. ಕೆಲವು ಸರೋವರದಲ್ಲಿ ಓರೆಯಾಗಿ ತೇಲಿ, ಬಾಲವಾಡಿಸಿದಂತೆ ತೋರಿ, ಆಳಕ್ಕೆ ಇಳಿದವು. ಈಜಿ ಇಳಿದವೋ, ಮುಳುಗಿದವೋ? ನೀರು ಕಪ್ಪಗಿತ್ತು.

೬

ಅಕ್ಟೋಬರಿನಲ್ಲಿ ಸರೋವರ ಹೆಪ್ಪುಗಟ್ಟಿತು. ಒಂದು ಮಧ್ಯಾಹ್ನ ನಾತಾಕ್ ಹಿಮ ಕೊರೆಯುವ ಉಳಿಯನ್ನೂ ಗಾಳದ ದಾರವನ್ನೂ ತಂದು ಮುಂದಿಟ್ಟಳು.

"ತೂತು ಕೊರೆದು ನೋಡೋಣ. ಒಂದು ಸಿಕ್ಕಿದ್ರೂ ಗೊತ್ತಾಗುತ್ತಲ್ಲ."

"ಸಿಕ್ಕಿದ್ರೆ ಒಂದು ಕಮ್ಮಿ ಆಗುತ್ತಪ್ಪಾ," ಎಂದಳು ಉವಿಲುಕ್. "ಸಿಕ್ಕದಿದ್ರೆ ಚಳಿಗಾಲ ಪೂರ್ತಿ ಅದನ್ನೇ ಹೊತ್ಕೊಂಡು ಕೂರಬೇಕು."

ಓದುಗರೇ, ನಿಮಗೆ ತಿಳಿಯುವ ಆಸೆ ಎಷ್ಟೆಂದು ಬಲ್ಲೆ. ನನಗೂ ಅಷ್ಟೇ ಇದೆ. ಉಳಿಯನ್ನು ಕೈಗೆತ್ತಿಕೊಂಡು ಸರೋವರದ ನಡುವಿನವರೆಗೆ ಹೋದೆ. ಕಾಲಡಿಯಲ್ಲಿ ಹಿಮ ಒಮ್ಮೆ ನರಳಿತು. ಕೊರೆಯಲಿಲ್ಲ.