ನೀರಿನ ಕ್ಯಾನಿನ ಮೇಲಿನ ತಾರೀಕು

ಕಾಂದೆಲಿಯಾ ಗಿಡ ಕುದಿಯುವ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಕುತ್ತದೆ. ಎಲೆಯಿಲ್ಲದ ಆ ಕಡ್ಡಿಗಳನ್ನು ಕಬ್ಬಿಣದ ಕೊಪ್ಪರಿಗೆಗೆ ತುಂಬಿ, ಆಸಿಡ್ ಬೆರೆಸಿದ ನೀರಿನಲ್ಲಿ ಕುದಿಸಿ, ಮೇಲೆ ತೇಲುವ ನೊರೆಯಿಂದ ಮೇಣ ತೆಗೆಯುವುದು ನನ್ನಪ್ಪನ ಕಸುಬಾಗಿತ್ತು. ಆ ಹೊಗೆ ಅವನ ಅಂಗಿಯಲ್ಲಿ, ಮೀಸೆಯಲ್ಲಿ, ನಮ್ಮ ರೊಟ್ಟಿಯಲ್ಲಿ ಕೂಡ ಇರುತ್ತಿತ್ತು. ಊಟದ ಡಬ್ಬಿಯ ಮುಚ್ಚಳದ ಸುತ್ತ ಅದೇ ಮೇಣ ಬಳಿದು ಇರುವೆ ಹೋಗದಂತೆ ಮಾಡಿ ಅವನು ವಾರಗಟ್ಟಲೆ ಕೆಲಸಕ್ಕೆ ಹೋಗುತ್ತಿದ್ದ. ಶಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂರುತ್ತಿರಲಿಲ್ಲ. ಒಬ್ಬಳು ಮಾತ್ರ ತನಗೆ ವರ್ಷವಿಡೀ ನೆಗಡಿ, ಏನೂ ವಾಸನೆ ಬರುವುದಿಲ್ಲ ಎಂದು ಸುಳ್ಳು ಹೇಳಿ ಕೂರುತ್ತಿದ್ದಳು. ಅವಳ ಹೆಸರು ಮರೆತಿದ್ದೇನೆ. ಸುಳ್ಳು ಮರೆತಿಲ್ಲ.

ನಜಾರಿಯೊ ನನ್ನನ್ನು ಮದುವೆಯಾದಾಗ ಆ ವಾಸನೆ ನನ್ನ ಕೂದಲಿನಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಮದುವೆಯ ರಾತ್ರಿಯನ್ನು ನಾವು ಹೋಟೆಲಿನಲ್ಲಿ ಕಳೆಯಲಿಲ್ಲ. ಎರಡು ದೇಶಗಳ ಗಡಿಯಾದ ನದಿಯ ಈಚೆಗಿನ ರಾಷ್ಟ್ರೀಯ ಉದ್ಯಾನದೊಳಗೆ, ಪಾಳುಬಿದ್ದ ಕುರಿದೊಡ್ಡಿಯೊಂದರ ಪಕ್ಕ ಡೇರೆ ಹಾಕಿ ಮಲಗಿದೆವು. ಅಂದಿನಿಂದ ಪ್ರತಿ ಫೆಬ್ರವರಿ ಹದಿನೆಂಟಕ್ಕೆ ಅಲ್ಲಿಗೇ ಹೋಗುತ್ತೇವೆ. ಈ ವರ್ಷದ್ದು ನಲವತ್ತೇಳನೆಯ ಸಲ.

ಈ ಸಲ ನಮ್ಮೂರು ಪ್ರೆಸಿಡಿಯೊದಿಂದ ಹೊರಟಾಗಲೇ ನಮ್ಮಿಬ್ಬರ ನಡುವೆ ಮಾತು ಕೆಟ್ಟಿತ್ತು.

ನಜಾರಿಯೊ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದವನು. ಕಳೆದ ಡಿಸೆಂಬರಿನಲ್ಲಿ ಕೋಳಿಗಳಿಗೆ ಕಾಳು ತರಲೆಂದು ಹೋದವನು ಮಧ್ಯಾಹ್ನವಾದರೂ ಮರಳಲಿಲ್ಲ. ಹುಡುಕಿಕೊಂಡು ಹೋದರೆ, ಹತ್ತು ವರ್ಷದ ಹಿಂದೆ ಮುಚ್ಚಿದ ಶಾಲೆಯ ಗೇಟಿನ ಎದುರು ಟ್ರಕ್ಕಿನ ಎಂಜಿನ್ ಆರಿಸದೆ ಕುಳಿತಿದ್ದ. ಗಂಟೆ ಮೂರಾಗಿತ್ತು, ಮಕ್ಕಳನ್ನು ಬಿಡುವ ಹೊತ್ತು. "ಸುಮ್ನೆ ನೆರಳಿಗೆ ಅಂತ ನಿಲ್ಲಿಸಿದ್ದೆ," ಎಂದ. ಅಲ್ಲಿ ಎಲ್ಲೂ ನೆರಳಿರಲಿಲ್ಲ.

ಟ್ರಕ್ಕಿನ ಕೀ ಕಸಿದುಕೋ ಎಂದು ಮಗಳು ಓಫೇಲಿಯಾ ಫೋನಿನಲ್ಲಿ ಅತ್ತಳು. ನಮ್ಮ ಮದುವೆಯ ದಿನ ಕಳೆಯಲಿ ಎಂದೆ. ಅಲ್ಲಿಯ ಏರ್ಪಾಡನ್ನೆಲ್ಲ ಎಂದಿನಂತೆ ಅವನೇ ಮಾಡಲಿ. ತಪ್ಪದೆ ಮಾಡಿದರೆ ಕೀ ಅವನದೇ, ತಪ್ಪಿದರೆ ನಾನೇ ಇಸಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಅವನು ಪಕ್ಕದ ಕೋಣೆಯಲ್ಲಿದ್ದುದು ನನಗೆ ಗೊತ್ತಿರಲಿಲ್ಲ.

"ಮುಂದೆ ಬಲಕ್ಕೆ," ಎಂದೆ ದಾರಿಯಲ್ಲಿ.

"ಗೊತ್ತು."

"ಹೇಳಿದೆ ಅಷ್ಟೆ."

"ಎಷ್ಟು ಮಾರ್ಕ್ಸ್ ಕಟ್ ಮಾಡಿದೆ, ಟೀಚರಮ್ಮ?" ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮಗಳ ಹತ್ರ ನೀನು ಆಡಿದ್ದೆಲ್ಲ ಕೇಳಿಸ್ಕೊಂಡಿದೀನಿ. ಕಿವಿ ಇನ್ನೂ ಚೆನ್ನಾಗಿದೆ. ಅದನ್ನೂ ಬರ್ಕೋ."

"ನಿನ್ನ ಒಳ್ಳೇದಕ್ಕೇ ಅಂದಿದ್ದು."

"ನನ್ನ ಒಳ್ಳೇದು! ಈ ಜಿಲ್ಲೆಯ ಅರ್ಧ ಜನ ನನ್ನ ಬಸ್ಸಲ್ಲಿ ಕೂತು ದೊಡ್ಡವರಾದ್ರು. ಒಂದು ಮಗುವಿನ ಮೊಣಕಾಲು ತರಚಿಲ್ಲ. ಈಗ ಹೆಂಡತಿಗೆ ಪರೀಕ್ಷೆ ಬರೀಬೇಕು."

ರಸ್ತೆ ಮುಗಿಯುವಲ್ಲಿ ಟ್ರಕ್ಕು ನಿಲ್ಲಿಸಿ, ಅಲ್ಲಿಂದ ಮೂರು ಮೈಲಿ ಇಳಿಜಾರಿನಲ್ಲಿ ನಡೆಯಬೇಕು. ಬೆನ್ನ ಮೇಲೆ ಡೇರೆ, ಹಾಸಿಗೆ, ಪುಟ್ಟ ಸ್ಟವ್, ಎರಡು ಬಟ್ಟಲು, ಒಂದು ಪಾತ್ರೆ, ಆ ದಿನದ ನಡಿಗೆಗಾಗುವಷ್ಟು ನೀರು. ಉಳಿದ ನೀರನ್ನೂ ಊಟದ ಡಬ್ಬಿಯನ್ನೂ ಅವನು ಹೋದ ಗುರುವಾರವೇ ಒಬ್ಬನೇ ಬಂದು, ದೊಡ್ಡಿಯ ಬಳಿಯ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದ. ಆ ದಾರಿಯಲ್ಲಿ ನಡೆಯುವವರೆಲ್ಲ ಹಾಗೆಯೇ ಮಾಡುತ್ತಾರೆ. ಪೆಟ್ಟಿಗೆಗೆ ಚಿಲಕವಿದೆ, ಬೀಗವಿಲ್ಲ. ಕ್ಯಾನಿನ ಮೇಲೆ ಹೆಸರನ್ನೂ ಬಂದು ತೆಗೆದುಕೊಳ್ಳುವ ತಾರೀಕನ್ನೂ ಬರೆದರೆ ಸಾಕು, ಯಾರೂ ಮುಟ್ಟುವುದಿಲ್ಲ.

ಅವನು ಸಿಟ್ಟಿನಿಂದ ದಾಪುಗಾಲು ಹಾಕುತ್ತ ಮುಂದೆ ಮುಂದೆ ಹೋದ. ಆದರೆ ಪ್ರತಿ ತಿರುವಿನಲ್ಲೂ, ಬೆಟ್ಟ ನೋಡುವವನಂತೆ ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ನಾನು ಹತ್ತಿರ ಬಂದ ಸದ್ದಾದ ಕೂಡಲೆ ಮತ್ತೆ ಹೊರಡುತ್ತಿದ್ದ. ಕಾಲುದಾರಿಗೆ ಚಾಚಿಕೊಂಡಿದ್ದ ಮುಳ್ಳುಕೊಂಬೆಗಳೆಲ್ಲ ಪಕ್ಕಕ್ಕೆ ಮಡಚಿ ಕಲ್ಲು ಹೇರಿಸಿಕೊಂಡಿದ್ದವು. ಕಲ್ಲುಗಳನ್ನು ಈಚೆಗಷ್ಟೇ ಹೇರಿದಂತಿತ್ತು.

ದೊಡ್ಡಿ ತಲುಪಿದಾಗ ಮಧ್ಯಾಹ್ನ ಮೂರೂವರೆ. ಅವನು ಪೆಟ್ಟಿಗೆಯ ಚಿಲಕ ತೆಗೆದು ಒಳಗೆ ನೋಡಿದ. ಮತ್ತೆ ಮುಚ್ಚಿ, ಮತ್ತೆ ತೆಗೆದ.

"ಏನಾಯ್ತು?"

"ಇಲ್ಲೇ ಇಟ್ಟಿದ್ದೆ."

ಪೆಟ್ಟಿಗೆಯಲ್ಲಿ ಬೇರೆ ಯಾರದೋ ಎರಡು ಕ್ಯಾನ್ ಇದ್ದವು. ಎರಡರ ಮೇಲೂ ಒಬ್ಬ ಹೆಂಗಸಿನ ಹೆಸರು, ಈ ತಿಂಗಳ ಇಪ್ಪತ್ತರ ತಾರೀಕು. ನಮ್ಮದು ಏನೂ ಇರಲಿಲ್ಲ.

"ಬೇರೆ ಪೆಟ್ಟಿಗೆಯಲ್ಲಿ ಇಟ್ಟೆಯೇನೋ. ಕೆಳಗೆ ಹಳ್ಳದ ಹತ್ರ ಇನ್ನೊಂದಿದೆಯಲ್ಲ..."

"ಇಲ್ಲೇ ಇಟ್ಟಿದ್ದೆ! ನಾಲ್ಕು ಕ್ಯಾನು, ಒಂದು ಡಬ್ಬಿ. ಈ ಕೈಯಲ್ಲೇ ಇಟ್ಟಿದ್ದೆ."

"ಗುರುವಾರ ನೀನು ಇಲ್ಲಿಗೇ ಬಂದಿದ್ದೆ ತಾನೇ?"

ಆಡಬಾರದ ಮಾತು ಆಡಿಬಿಟ್ಟಿದ್ದೆ. ಅವನು ಟೋಪಿ ತೆಗೆದು ನೆಲಕ್ಕೆ ಹೊಡೆದ. "ಇಲ್ಲ ಕಣೇ, ಶಾಲೆ ಗೇಟಿಗೆ ಹೋಗಿದ್ದೆ! ಮಕ್ಕಳನ್ನ ಹತ್ತಿಸ್ಕೊಂಡು ನ್ಯೂಯಾರ್ಕ್ ತೋರಿಸ್ಕೊಂಡು ಬಂದೆ! ಖುಷಿಯಾಯ್ತಾ? ಫೋನ್ ಮಾಡು ಮಗಳಿಗೆ, ಮುದುಕ ಫೇಲು ಅಂತ ಹೇಳು!"

"ಇಲ್ಲಿ ಫೋನ್ ಸಿಗಲ್ಲ."

"ಅಯ್ಯೋ ಪಾಪ, ನಿನಗೆ ಎಷ್ಟು ಕಷ್ಟ!"

ನಮ್ಮಲ್ಲಿ ಉಳಿದಿದ್ದದ್ದು ಒಂದು ಬಾಟಲಿಯ ಅರ್ಧ. ಮೂರು ಮೈಲಿ ಏರು ಹತ್ತಿ ಟ್ರಕ್ಕು ಮುಟ್ಟಲು ಅಷ್ಟು ಸಾಲದು, ನನ್ನ ಮೊಣಕಾಲುಗಳಿಗಂತೂ ಅದು ಆ ದಿನ ಸಾಧ್ಯವೇ ಇರಲಿಲ್ಲ. ಅವನು ಬಟ್ಟಲಿಗೆ ನೀರು ಬಗ್ಗಿಸಿ ನನ್ನತ್ತ ತಳ್ಳಿದ. ತಾನು ಬಾಟಲಿಯ ಮುಚ್ಚಳದಲ್ಲಿ ಒಂದು ಗುಟುಕು ಕುಡಿದು, ಕುಡಿದದ್ದು ಬಹಳವಾಯಿತೆಂಬಂತೆ ಬಾಯಿ ಒರೆಸಿಕೊಂಡ. ನಾನು ಪೆಟ್ಟಿಗೆಯ ಕಡೆ ನೋಡಿದೆ.

"ಅದು ಆ ಹೆಂಗಸಿನ ನೀರು," ಎಂದ ಅವನು.

"ನಾನೇನೂ ಅನ್ನಲಿಲ್ಲ."

"ನೀನು ನೋಡಿದೆ."

"ನೋಡೋದೂ ತಪ್ಪಾ?"

ಅದನ್ನು ಮುಟ್ಟಕೂಡದೆಂಬುದು ಇಬ್ಬರಿಗೂ ಗೊತ್ತಿತ್ತು. ಎರಡು ದಿನದ ಮೇಲೆ ಯಾರೋ ಒಬ್ಬಳು ಒಣಗಿದ ಬಾಯಿಯಲ್ಲಿ ಬಂದು ಇದೇ ಚಿಲಕ ತೆಗೆಯುತ್ತಾಳೆ. ಆ ದಿನವೆಲ್ಲ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು.

ಗಂಟೆ ಐದರ ಸುಮಾರಿಗೆ ಬೇರೆಯವರ ಗಾಡಿ ಬಿಡದ ಕೆಳಗಿನ ಮಣ್ಣಿನ ದಾರಿಯಲ್ಲಿ ಧೂಳೆದ್ದಿತು. ಉದ್ಯಾನದಲ್ಲಿ ಚಳಿಗಾಲವೆಲ್ಲ ಸಂಬಳವಿಲ್ಲದೆ ಕೆಲಸ ಮಾಡುವ ಸ್ವಯಂಸೇವಕರಲ್ಲಿ ಒಬ್ಬ, ತನ್ನ ಬಿಳಿ ಗಾಡಿಯಿಂದ ಇಳಿದ. ಎಪ್ಪತ್ತು ದಾಟಿದ ಬಿಳಿಯ, ಉದ್ದ ಗಡ್ಡ, ಎದೆಯ ಮೇಲೆ ಥರ್ಲೋ ಎಂಬ ಹೆಸರಿನ ಪಟ್ಟಿ. ನಮಗೆ ನಮಸ್ಕಾರ ಹೇಳುವ ಮೊದಲು ಅವನು ಪೆಟ್ಟಿಗೆ ತೆರೆದು ಆ ಎರಡು ಕ್ಯಾನ್‌ಗಳನ್ನು ಎತ್ತಿ, ಬೆಳಕಿಗೆ ಹಿಡಿದು, ನೀರಿನ ಮಟ್ಟ ನೋಡಿದ.

"ನಾವು ಕಳ್ಳರಲ್ಲ, ಸಾಹೇಬ್ರೇ," ಎಂದ ನಜಾರಿಯೊ.

"ಎಲ್ಲರೂ ಹಾಗೇ ಹೇಳ್ತಾರೆ."

"ನಮ್ಮ ನಾಲ್ಕು ಕ್ಯಾನು ಕಳುವಾಗಿದೆ. ಅದನ್ನ ಯಾರು ಬೆಳಕಿಗೆ ಹಿಡಿದು ನೋಡ್ತಾರೆ?"

ಥರ್ಲೋ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕ್ಯಾನಿನ ಮೇಲಿದ್ದ ಬ್ರಿಟೊ ಅನ್ನೋರು ನೀವೇನಾ? ಕಳುವಾಗಿಲ್ಲ. ಭಾನುವಾರ ನಾನೇ ಎತ್ತಿದ್ದು. ತಾರೀಕು ಮುಗಿದಿದ್ದನ್ನೆಲ್ಲ ಎತ್ತಬೇಕು, ಅದು ನನ್ನ ಕೆಲಸ."

"ಇವತ್ತಿನ ತಾರೀಕು ಬರ್ದಿದ್ದೆ!"

"ಹದಿನೆಂಟು ಅಂತ ಬರ್ದಿದ್ರಿ, ಸರಿ. ಇಸವಿ?" ಥರ್ಲೋ ನಕ್ಕ, ಒಳ್ಳೆಯ ನಗುವಲ್ಲ. "ಸಾವಿರದ ಒಂಬೈನೂರ ಎಪ್ಪತ್ತೆಂಟು! ನಾಲ್ಕಕ್ಕೂ ಅದೇ. ಯಾರೋ ಪುಂಡರು ಆಟ ಆಡಿದಾರೆ ಅಂದ್ಕೊಂಡು ನೀರು ಚೆಲ್ಲಿಬಿಟ್ಟೆ. ಯಾವ ಇಸವಿ ನಡೀತಿದೆ ಅಂತ ಗೊತ್ತಿಲ್ಲದೋರು ಮರಳುಗಾಡಿಗೆ ಯಾಕ್ರೀ ಬರ್ತೀರಿ? ನಾಳೆ ನಿಮ್ಮ ಹೆಣ ಹುಡುಕೋಕೆ ನಾವು ಬರಬೇಕಾ?"

ನಜಾರಿಯೊನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರುವುದನ್ನು ಕಂಡೆ. ನಲವತ್ತೇಳು ವರ್ಷ ನೋಡಿದ ಆ ಮುಖದ ಮೇಲೆ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ನೋಡಿದ್ದು ಒಂದೇ ಸಲ, ಓಫೇಲಿಯಾ ಹುಟ್ಟಿದ ರಾತ್ರಿ.

"ನಾನೇ ಹಾಗೆ ಬರಿ ಅಂದಿದ್ದು," ಎಂದೆ. "ಅದು ನಮ್ಮ ಮದುವೆಯ ತಾರೀಕು. ಪ್ರತಿ ವರ್ಷ ಇದೇ ದಿನ ಇಲ್ಲಿಗೆ ಬರ್ತೀವಿ. ತಮಾಷೆಗೆ ಅಂತ ಬರೆಸಿದೆ. ತಪ್ಪು ನನ್ನದು."

ಥರ್ಲೋ ನನ್ನನ್ನು ನೋಡಿದ, ಅವನನ್ನು ನೋಡಿದ, ಆಮೇಲೆ ತುಂಬಿದಂತೇ ಇದ್ದ ಆ ಎರಡು ಕ್ಯಾನ್‌ಗಳನ್ನು ನೋಡಿದ.

"ಎಷ್ಟೊತ್ತಿಂದ ಇಲ್ಲಿದೀರಿ, ಮೇಡಂ?"

"ಮೂರೂವರೆಯಿಂದ."

ಅವನು ಕ್ಯಾನ್‌ಗಳನ್ನು ಪೆಟ್ಟಿಗೆಯೊಳಗೆ ಇಟ್ಟು ಚಿಲಕ ಹಾಕಿದ. ಗಾಡಿಯಿಂದ ತನ್ನ ಸ್ವಂತದ ಬಾಟಲಿ ತಂದು ನನ್ನ ಪಕ್ಕದ ಕಲ್ಲಿನ ಮೇಲೆ ಕುಕ್ಕಿದ. "ತಮಾಷೆ ಅಂತೆ, ತಮಾಷೆ. ಈ ವಯಸ್ಸಲ್ಲಿ," ಎಂದು ಗೊಣಗುತ್ತಲೇ ಹೋಗಿ ಗಾಡಿ ತಿರುಗಿಸಿದ. "ಡಬ್ಬಿ ಹಾಗೇ ಇದೆ. ಎಷ್ಟು ಮೀಟಿದ್ರೂ ಮುಚ್ಚಳ ಬರಲಿಲ್ಲ. ತರೋಕೆ ಒಂದು ಗಂಟೆ ಆಗುತ್ತೆ, ಎಲ್ಲೂ ಹೋಗಬೇಡಿ."

ಧೂಳು ಇಳಿಯಿತು. ನಜಾರಿಯೊ ದೊಡ್ಡಿಯ ಮುರಿದ ಗೋಡೆಯ ಮೇಲೆ ಕೂತು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದ.

"ಯಾಕೆ ಸುಳ್ಳು ಹೇಳಿದೆ?" ಎಂದ ಕೊನೆಗೆ. ಸ್ವರದಲ್ಲಿ ಇನ್ನೂ ಸಿಟ್ಟಿತ್ತು.

"ಸುಳ್ಳಲ್ಲ. ನೀನು ತಮಾಷೆಗೆ ಬರ್ದಿರ್ತೀಯ. ನೀನು ಮೊದಲಿಂದ ಹಾಗೇ ಅಲ್ವಾ? ಓಫೇಲಿಯಾಗೂ ಅದನ್ನೇ ಹೇಳ್ತೀನಿ."

ಹೂಂ ಎಂದಿದ್ದರೆ ಸಾಕಿತ್ತು. ಕೀ ಅವನ ಜೇಬಿನಲ್ಲೇ ಉಳಿಯುತ್ತಿತ್ತು. ಮತ್ತೆ ಆ ವಿಷಯ ಎತ್ತಬಾರದೆಂದು ನಾನು ಆಗಲೇ ಮನಸ್ಸು ಮಾಡಿದ್ದೆ. ಅದು ಅವನಿಗೂ ತಿಳಿದಿತ್ತು. ನನ್ನ ಮುಖ ಅವನಿಗೆ ಅಷ್ಟು ಚೆನ್ನಾಗಿ ಗೊತ್ತು.

"ತಮಾಷೆ ಅಲ್ಲ ಮುದುಕಿ," ಎಂದ. "ಬರೆದಿದ್ದು ನೆನಪಿದೆ. ಅಡುಗೆಮನೆ ಮೇಜಿನ ಮೇಲೆ ನಾಲ್ಕು ಕ್ಯಾನೂ ಸಾಲಾಗಿ ನಿಲ್ಲಿಸ್ಕೊಂಡು, ಅಕ್ಷರ ದಪ್ಪಗೆ ಕಾಣ್ಲಿ ಅಂತ ಎರಡೆರಡು ಸಲ ತೀಡಿದೆ. ಸರಿಯಾಗೇ ಬರ್ದಿದೀನಿ ಅಂತ ಈಗ ಆ ಮನುಷ್ಯ ಹೇಳೋ ತನಕ ನಂಬಿದ್ದೆ." ಬಲಗೈಯನ್ನು ಮಗುಚಿ ನೋಡಿ, "ಬರೆದಾದ್ಮೇಲೆ ಎಪ್ಪತ್ತೆಂಟು ಅಂತ ಓದಿದಾಗ್ಲೂ ಏನೂ ಅನ್ನಿಸ್ಲಿಲ್ಲ," ಎಂದ.

ನಾನು ಥರ್ಲೋ ಕೊಟ್ಟ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗಿಟ್ಟೆ. ಮಾತಾಡಿದರೆ ಟೀಚರಮ್ಮನೇ ಮಾತಾಡುತ್ತಿದ್ದಳು.

ಹೊತ್ತು ಮುಳುಗುವಾಗ ಥರ್ಲೋ ಮರಳಿ ಬಂದ. ಎಂಟು ಕ್ಯಾನ್ ನೀರು ಇಳಿಸಿದ, ಚೆಲ್ಲಿದ್ದರ ಎರಡರಷ್ಟು. ಕ್ಷಮೆಯನ್ನು ಮಾತ್ರ ಕೇಳಲಿಲ್ಲ. ಕೊನೆಯದಾಗಿ ಡಬ್ಬಿ ತಂದು ನಜಾರಿಯೊನ ಕೈಗೆ ಕೊಟ್ಟು, ದೂರ ಹೋಗಿ ಗಾಡಿಗೆ ಒರಗಿ ನಿಂತ. ಹೋಗಲೂ ಇಲ್ಲ.

ಡಬ್ಬಿಯ ಮುಚ್ಚಳದ ಸುತ್ತ ಕಂದುಬಣ್ಣದ ಮೇಣದ ಪಟ್ಟಿ ಇತ್ತು. ಮುಟ್ಟಿ ನೋಡಿದೆ. ಅಂಗಡಿಯದಲ್ಲ.

"ಎಲ್ಲಿಂದ ತಂದೆ?"

"ತರಲಿಲ್ಲ, ಕುದಿಸಿದೆ. ನೀನು ಚರ್ಚಿಗೆ ಹೋದಾಗ, ಕೋಳಿಗೂಡಿನ ಹಿಂದೆ. ಎರಡು ಭಾನುವಾರ ಹಿಡೀತು." ಅವನು ಮೂಗು ಸೊಟ್ಟ ಮಾಡಿದ. "ನಿಮ್ಮಪ್ಪ ಹೇಳ್ಕೊಟ್ಟಿದ್ದು ಒಂದೂ ಮರ್ತಿಲ್ಲ, ನೋಡು. ಈಗಿನದೇ ನೆನಪಲ್ಲಿ ನಿಲ್ಲಲ್ಲ."

ಟ್ರಕ್ಕಿನ ಕೀಗೊಂಚಲಿನಲ್ಲಿ ಅವನ ಚಿಕ್ಕ ಮಡಚುಚಾಕು ಇರುತ್ತದೆ. ಅದನ್ನು ತೆಗೆದು, ಸ್ಟವ್ವಿನ ಉರಿಗೆ ಒಡ್ಡಿ, ಬಿಸಿ ಅಲಗಿನಿಂದ ಮೇಣವನ್ನು ಸುತ್ತ ಕೊಯ್ದ. ಸಣ್ಣ ಹೊಗೆ ಎದ್ದಿತು. ಅಪ್ಪನ ಅಂಗಿಯ ವಾಸನೆ. ಕೊಯ್ದಾದ ಮೇಲೆ ಅವನು ಚಾಕು ಮಡಚಿ, ಒರೆಸಿ, ಗೊಂಚಲನ್ನು ಜೇಬಿಗೆ ಹಾಕಿಕೊಳ್ಳದೆ ನನ್ನ ಮಡಿಲಲ್ಲಿ ಇಟ್ಟ. ಇಟ್ಟ ಮೇಲೆ ಆ ಕಡೆ ನೋಡಲಿಲ್ಲ.

ಡಬ್ಬಿಯಲ್ಲಿ ಒಣಮಾಂಸ, ಕೆಂಪು ಮೆಣಸಿನಕಾಯಿ, ಹುರಿದ ಜೋಳದ ಹಿಟ್ಟು, ಬೆಲ್ಲ. ಅಪ್ಪ ಒಯ್ಯುತ್ತಿದ್ದುದೂ ಅಷ್ಟೇ. ಅವನು ಮಾಂಸ ಮೆಣಸಿನಕಾಯಿ ಬೇಯಿಸಿ, ಹಿಟ್ಟು ಉದುರಿಸಿ, ಗಂಟಾಗದಂತೆ ತಿರುವಿದ. ಉಪ್ಪು ಯಾವಾಗ ಹಾಕಬೇಕೆಂದು ನಾನು ಹೇಳಲಿಲ್ಲ. ಅವನು ಸರಿಯಾಗೇ ಹಾಕಿದ.

ನಮ್ಮಲ್ಲಿದ್ದದ್ದು ಎರಡೇ ಬಟ್ಟಲು. ಮೊದಲನೆಯದನ್ನು ತುಂಬಿಸಿ ನನಗೆ ಕೊಟ್ಟ. ಎರಡನೆಯದನ್ನೂ ತುಂಬಿಸಿದ, ಮೇಲೊಂದು ಚೂರು ಬೆಲ್ಲ ಇಟ್ಟ. ಆಮೇಲೆ ಎದ್ದು, ಕಲ್ಲುಗಳ ನಡುವೆ ನೋಡಿ ನೋಡಿ ಹೆಜ್ಜೆಯಿಡುತ್ತ ಗಾಡಿಯವರೆಗೂ ನಡೆದುಹೋಗಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಥರ್ಲೋಗೆ ಕೊಟ್ಟ.